ಹೊಸ ಗಿಟಾರ್ ಕೆಟ್ಟ ಸ್ಥಿತಿಯಲ್ಲಿ ಬಂದರೆ: ಡೀಲರ್ ಜೊತೆಗಿನ ವ್ಯವಹಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ಕಲಿಸುವ ಮನೆಗಳು ಈಗ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ ಎಲ್ಲ ಕಡೆಯೂ ಇವೆ, ಮಂಡ್ಯದಲ್ಲೂ ಇವೆ. ವಾದ್ಯ ಮಾತ್ರ ಬಹಳ ಸಲ ಬೆಂಗಳೂರಿನ ಡೀಲರ್ ಕಡೆಯಿಂದಲೋ ಆನ್‌ಲೈನ್ ಮಾರಾಟಗಾರರಿಂದಲೋ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಕೈಯಲ್ಲಿ ಹಿಡಿದು ನೋಡುವ ಮೊದಲೇ ದುಡ್ಡು ಕೊಟ್ಟಾಗಿರುತ್ತದೆ. ಹಾಗೆ ಬಂದ ವಾದ್ಯ ಕೆಟ್ಟಿದ್ದಾಗ ಪೋಷಕರೂ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನಾನು ಗಿಟಾರ್ ಕಲಿಸುವವನು, ವಕೀಲನಲ್ಲ. ಕಾನೂನಿನ ವಿಷಯದಲ್ಲಿ ಗ್ರಾಹಕರು ತಿಳಿದಿರಲೇಬೇಕಾದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಿಟಾರ್ ಯಾವ ಸ್ಥಿತಿಯಲ್ಲಿ ಬಂತು ಎಂಬುದು ಬಂದ ದಿನವೇ ದಾಖಲಾಗಬೇಕು. ತಡವಾದರೆ ಮಾತು ಗಿಟಾರನ್ನು ಬಿಟ್ಟು ನಿಮ್ಮ ಕಡೆಗೆ ತಿರುಗುತ್ತದೆ: ಎಲ್ಲಿಟ್ಟಿದ್ದಿರಿ, ಯಾರು ಮುಟ್ಟಿದರು, ಬೀಳಿಸಿದಿರಾ?

ಪೆಟ್ಟಿಗೆ ಬಾಗಿಲಿಗೆ ಬಂದಿದೆ. ತೆರೆಯುವ ಮೊದಲು ಏನು ಮಾಡಬೇಕು?

ಪೆಟ್ಟಿಗೆಯ ಎಲ್ಲ ಬದಿಗಳ ಫೋಟೊ ತೆಗೆಯಿರಿ. ಮೂಲೆ ಜಜ್ಜಿದ್ದರೆ, ರಟ್ಟು ತೂತಾಗಿದ್ದರೆ, ಟೇಪನ್ನು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದಂತೆ ಕಂಡರೆ ಅದನ್ನು ಹತ್ತಿರದಿಂದ ತೆಗೆಯಿರಿ. ಕೊರಿಯರ್‌ನವರು ಕಾಗದದ ಮೇಲೆ ಸಹಿ ಕೇಳಿದರೆ, ಸಹಿಯ ಪಕ್ಕದಲ್ಲೇ ‘ಪೆಟ್ಟಿಗೆ ಜಜ್ಜಿದೆ, ಒಳಗಿನ ವಸ್ತುವನ್ನು ನೋಡಿಲ್ಲ’ ಎಂದು ಬರೆಯಿರಿ. ಮೊಬೈಲ್ ಪರದೆಯ ಮೇಲೆ ಸಹಿ ಹಾಕಿಸಿಕೊಳ್ಳುವವರಾದರೆ ಆ ಕ್ಷಣವೇ ಫೋಟೊಗಳನ್ನು ಡೀಲರ್‌ಗೆ ವಾಟ್ಸ್‌ಆ್ಯಪ್ ಮಾಡಿ, ಕಳುಹಿಸಿದ ಸಮಯ ತಾನಾಗಿ ದಾಖಲಾಗುತ್ತದೆ. ಪೆಟ್ಟಿಗೆ ತಂದ ಹುಡುಗನ ಮೇಲೆ ರೇಗುವುದರಿಂದ ಏನೂ ಆಗುವುದಿಲ್ಲ. ಅವನು ಕೊನೆಯ ಮೈಲಿಯಷ್ಟೇ ಹೊತ್ತವನು.

ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿ. ಮನೆಯಲ್ಲಿ ಇನ್ನೊಬ್ಬರ ಕೈಗೆ ಮೊಬೈಲ್ ಕೊಡಿ. ವಿಳಾಸದ ಚೀಟಿಯಿಂದ ಆರಂಭಿಸಿ, ಟೇಪ್ ಕತ್ತರಿಸುವುದು, ಒಳಗಿನ ತುಂಬುವಸ್ತು, ಗಿಟಾರ್ ಹೊರಬರುವುದು, ಸೀರಿಯಲ್ ನಂಬರ್, ಎಲ್ಲವೂ ನಿಲ್ಲಿಸದ ಒಂದೇ ವಿಡಿಯೊದಲ್ಲಿ ಬರಲಿ. ಅಕೌಸ್ಟಿಕ್ ಗಿಟಾರಿನಲ್ಲಿ ಸೀರಿಯಲ್ ನಂಬರ್ ಸಾಮಾನ್ಯವಾಗಿ ನಡುವಿನ ತೂತಿನೊಳಗೆ ಅಂಟಿಸಿದ ಚೀಟಿಯ ಮೇಲಿರುತ್ತದೆ, ಎಲೆಕ್ಟ್ರಿಕ್‌ನಲ್ಲಿ ಬಹುತೇಕ ತಲೆಯ ಹಿಂಬದಿಯಲ್ಲಿ. ವಿಡಿಯೊವನ್ನು ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ಮೂಲ ಕಡತ ಅದೇ ಮೊಬೈಲಿನಲ್ಲಿ ಉಳಿಯಲಿ. ಪ್ರಕರಣ ಮುಂದೆ ಹೋದರೆ ಮೂಲಕ್ಕಿರುವ ಬೆಲೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿ ಬಂದ ಪ್ರತಿಗೆ ಇರುವುದಿಲ್ಲ.

ಗಿಟಾರ್ ಹೊರಗೆ ಬಂತು. ಏನೇನು ನೋಡಬೇಕು? ನನಗೆ ನುಡಿಸಲು ಬರುವುದಿಲ್ಲ.

ನುಡಿಸಲು ಬರಬೇಕಿಲ್ಲ. ಕಣ್ಣು, ಒಂದು ಟಾರ್ಚು, ಒಂದು ಉಕ್ಕಿನ ಅಳತೆಪಟ್ಟಿ, ಒಂದು ವಿಸಿಟಿಂಗ್ ಕಾರ್ಡು ಸಾಕು.

ತಲೆಯ ಭಾಗದಿಂದ ಆರಂಭಿಸಿ. ಬಿರಡೆಗಳಿರುವ ತಲೆ ಕುತ್ತಿಗೆಗೆ ಸೇರುವ ಜಾಗ, ಅಂದರೆ ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಹಿಂಬದಿ, ಗಿಟಾರಿನ ಅತ್ಯಂತ ದುರ್ಬಲ ಜಾಗ. ತಲೆ ಹಿಂದಕ್ಕೆ ವಾಲಿರುವ ಗಿಟಾರುಗಳಲ್ಲಿ ಅಲ್ಲಿ ಮರದ ಎಳೆ ಓರೆಯಾಗಿ ತುಂಡಾಗಿರುತ್ತದೆ. ಟ್ರಸ್ ರಾಡ್‌ನ (ಕುತ್ತಿಗೆಯ ಬಾಗನ್ನು ಸರಿಪಡಿಸಲು ಅದರೊಳಗೆ ಇರುವ ಲೋಹದ ಸರಳಿನ) ತಿರುಪು ತಲೆಯ ಕಡೆಯೇ ಇದ್ದರೆ ಅದಕ್ಕಾಗಿ ಕೊರೆದ ಗುಂಡಿ ಆ ಜಾಗವನ್ನು ಇನ್ನಷ್ಟು ತೆಳುವಾಗಿಸಿರುತ್ತದೆ. ಪೆಟ್ಟಿಗೆ ಬಿದ್ದರೆ ಮೊದಲು ಬಿರುಕು ಬಿಡುವುದು ಅಲ್ಲೇ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೆರೆ ಕಂಡರೆ ಉಗುರಿನಿಂದ ಮೆಲ್ಲಗೆ ಸವರಿ. ಉಗುರು ಸಿಕ್ಕಿಕೊಂಡರೆ ಅನುಮಾನ ಗಟ್ಟಿ. ಬಗ್ಗಿಸಿ ಪರೀಕ್ಷಿಸಬೇಡಿ, ತಂತಿಗಳನ್ನು ಸಡಿಲಿಸಿ ಹಾಗೆಯೇ ಇಡಿ.

ಆಮೇಲೆ ಬ್ರಿಜ್. ಅಕೌಸ್ಟಿಕ್ ಗಿಟಾರಿನಲ್ಲಿ ತಂತಿಗಳ ಎಳೆತವನ್ನೆಲ್ಲ ತಡೆಯುವುದು ಮೇಲ್ಹಲಗೆಗೆ ಅಂಟಿಸಿದ ಈ ತುಂಡು. ಅದರ ಹಿಂಬದಿಯ ಅಂಚಿಗೆ ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ತಾಗಿಸಿ. ಕಾರ್ಡು ಒಳಗೆ ನುಸುಳಿದರೆ ಅಂಟು ಬಿಡುತ್ತಿದೆ ಎಂದರ್ಥ. ಅದು ತಾನಾಗಿ ಸರಿಹೋಗುವುದಿಲ್ಲ, ತಿಂಗಳು ಕಳೆದಂತೆ ಬಿರುಕು ಅಗಲವಾಗುತ್ತದೆ.

ಕುತ್ತಿಗೆಯ ಅಂಚಿನುದ್ದಕ್ಕೂ ಬೆರಳು ಓಡಿಸಿ, ಫ್ರೆಟ್‌ಗಳ (ಕುತ್ತಿಗೆಯ ಮೇಲೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿಗಳ) ತುದಿ ಚುಚ್ಚುತ್ತದೆಯೇ ನೋಡಿ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಕುತ್ತಿಗೆಯನ್ನು ನೋಡಿ. ಹಗುರವಾಗಿ ಒಳಬಾಗಿರುವುದು ಸಹಜ. ಒಂದು ಬದಿ ಏರಿ ಇನ್ನೊಂದು ಬದಿ ಇಳಿದು ತಿರುಚಿಕೊಂಡಿದ್ದರೆ ಅದು ಸಹಜವಲ್ಲ. ಮೇಲ್ಹಲಗೆಯನ್ನು ಬೆರಳ ಗಂಟಿನಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಒಳಗೆ ಏನಾದರೂ ಗಿರಗಿರ ಎಂದರೆ ಹಲಗೆಗೆ ಆಧಾರವಾಗಿ ಒಳಗೆ ಅಂಟಿಸಿದ ಮರದ ಪಟ್ಟಿಯೊಂದು ಸಡಿಲಾಗಿರಬಹುದು. ಪಿಕಪ್ (ತಂತಿಯ ದನಿಯನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಇರುವ ಗಿಟಾರ್ ಆದರೆ ಅದೇ ದಿನ ಯಾರದಾದರೂ ಆ್ಯಂಪ್‌ಗೆ ಹಾಕಿ, ಪ್ರತಿ ಗುಬುಟನ್ನೂ ತಿರುಗಿಸಿ, ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿ.

ಯಾವುದು ನಿಜವಾದ ದೋಷ, ಯಾವುದು ಸೆಟಪ್‌ನಿಂದ (ನುಡಿಸಲು ಹದವಾಗಿಸುವ ಹೊಂದಾಣಿಕೆಯಿಂದ) ಸರಿಹೋಗುವಂಥದ್ದು?

ಇದನ್ನು ಬೇರೆ ಮಾಡಿಕೊಳ್ಳದೆ ಡೀಲರ್‌ಗೆ ಫೋನ್ ಮಾಡಿದರೆ ಇಬ್ಬರಿಗೂ ತಲೆನೋವು. ಸಣ್ಣದಕ್ಕೆ ಹಣ ವಾಪಸು ಕೇಳಿದವರು ದೊಡ್ಡದನ್ನು ಹೇಳಿದಾಗಲೂ ಡೀಲರ್ ಕಿವಿಗೊಡುವುದಿಲ್ಲ.

ತಂತಿಗಳ ಎತ್ತರ, ಸ್ಯಾಡಲ್ (ಬ್ರಿಜ್ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ), ಕುತ್ತಿಗೆಯ ಬಾಗು, ಹಳೆಯ ತಂತಿ, ಸ್ವಲ್ಪ ಸಡಿಲವಾದ ಬಿರಡೆಯ ತಿರುಪು, ಇವೆಲ್ಲ ಸೆಟಪ್ ವಿಷಯಗಳು. ಗಿಟಾರ್ ಬಲ್ಲ ತಂತ್ರಜ್ಞರು ಒಂದೆರಡು ಗಂಟೆಯಲ್ಲಿ ಸರಿಮಾಡುತ್ತಾರೆ. ಉಕ್ಕಿನ ತಂತಿಯ ಅಕೌಸ್ಟಿಕ್‌ನಲ್ಲಿ 12ನೆಯ ಫ್ರೆಟ್‌ನ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.5 ಮಿಲಿಮೀಟರ್, ತೆಳು ತಂತಿಯದು ಸುಮಾರು 2 ಮಿಲಿಮೀಟರ್ ಇದ್ದರೆ ಕಲಿಯುವವರಿಗೆ ಹಿತ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಇದಕ್ಕಿಂತ ಎತ್ತರ, 4 ಮತ್ತು 3 ಮಿಲಿಮೀಟರ್ ಆಸುಪಾಸು, ಇರುವುದು ವಾಡಿಕೆ. ಅಳೆದು ನೋಡಿ, ಅಳತೆಪಟ್ಟಿ ಕಾಣುವಂತೆ ಫೋಟೊ ತೆಗೆಯಿರಿ. ‘ತಂತಿ ತುಂಬಾ ಎತ್ತರ’ ಎಂದರೆ ಅದು ಅಭಿಪ್ರಾಯವಾಗುತ್ತದೆ, ‘4.5 ಮಿಲಿಮೀಟರ್ ಇದೆ’ ಎಂದರೆ ಡೀಲರ್ ಉತ್ತರ ಕೊಡಬೇಕಾಗುತ್ತದೆ.

ಬಿರುಕು, ಎದ್ದ ಬ್ರಿಜ್, ತಿರುಚಿದ ಕುತ್ತಿಗೆ, ಕುತ್ತಿಗೆ ಮೈಗೆ ಸೇರುವ ಕೋನವೇ ತಪ್ಪಿರುವುದು, ತಿರುಗದ ಟ್ರಸ್ ರಾಡ್, ಕೆಲಸ ಮಾಡದ ಪಿಕಪ್, ಫ್ರೆಟ್ ಮೇಲೆದ್ದು ಅದರ ಹಿಂದಿನ ಸ್ವರವೇ ಸತ್ತಿರುವುದು, ಇವು ದೋಷಗಳು. ಇವುಗಳನ್ನು ‘ಸೆಟಪ್ ಮಾಡಿಸಿಕೊಳ್ಳಿ’ ಎಂಬ ಮಾತಿನಲ್ಲಿ ಮುಗಿಸಲು ಬಿಡಬೇಡಿ. ಕೋನ ತಪ್ಪಿದ ಗಿಟಾರನ್ನು ಗುರುತಿಸಲು ಸ್ಯಾಡಲ್ ನೋಡಿ: ಅದು ಆಗಲೇ ಬ್ರಿಜ್‌ನ ಮಟ್ಟಕ್ಕೆ ಸವೆದಿಟ್ಟಂತೆ ತಗ್ಗಿದ್ದು, ಆದರೂ ತಂತಿ ಎತ್ತರದಲ್ಲಿದ್ದರೆ, ಇನ್ನು ಇಳಿಸಲು ಜಾಗವೇ ಇಲ್ಲ. ಸಾಧಾರಣ ಬೆಲೆಯ ಗಿಟಾರಿಗೆ ಕುತ್ತಿಗೆ ಬಿಚ್ಚಿ ಮತ್ತೆ ಕೂರಿಸುವ ಖರ್ಚು ಗಿಟಾರಿನ ಬೆಲೆಯನ್ನೇ ಮುಟ್ಟುತ್ತದೆ.

ಮೈಮೇಲಿನ ಗೀರು, ಬಣ್ಣದ ಗುಳ್ಳೆ, ಅಂಟಿನ ಕಲೆ? ಕಡಿಮೆ ಬೆಲೆಯದ್ದರಲ್ಲಿ ಚೂರುಪಾರು ಅಂಟಿನ ಕಲೆಯನ್ನು ನಾನು ಬಿಟ್ಟುಬಿಡುತ್ತೇನೆ. ಮರದವರೆಗೂ ಇಳಿದ ಏಟನ್ನು ಬಿಡುವುದಿಲ್ಲ, ಅದು ಸಾಗಣೆಯಲ್ಲಿ ಬಿದ್ದ ಪೆಟ್ಟು. ಹೊರಗೆ ಅಷ್ಟು ಕಂಡರೆ ಒಳಗೆ ಏನಾಗಿದೆಯೋ ನೋಡಲೇಬೇಕು.

ಮಗಳ ಬೆರಳು ತುಂಬಾ ನೋಯುತ್ತದೆ. ‘ಹೊಸದರಲ್ಲಿ ಎಲ್ಲರಿಗೂ ಹಾಗೆಯೇ’ ಎನ್ನುತ್ತಾರೆ ಡೀಲರ್. ನಿಜವೇ?

ಅರ್ಧ ನಿಜ. ಉಕ್ಕಿನ ತಂತಿಗೆ ಬೆರಳ ತುದಿ ಹದಗೊಳ್ಳಲು ಕೆಲವು ವಾರ ಬೇಕು. ಆದರೆ ಎರಡು ತಿಂಗಳ ನಂತರವೂ ಮಗು ಮೊದಲ ಫ್ರೆಟ್‌ನಲ್ಲಿ ಒಂದು ಎಫ್ ಕಾರ್ಡನ್ನೂ (ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛವನ್ನೂ) ಒತ್ತಲಾರದೆ ಅಳುತ್ತಿದ್ದರೆ ನಟ್ ನೋಡಿ. ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ಬಿಳಿ ಅಥವಾ ಕಪ್ಪು ಪಟ್ಟಿಯೇ ನಟ್. ಪರೀಕ್ಷೆ ಹೀಗೆ: ಒಂದು ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಅದೇ ತಂತಿ ಮೊದಲನೆಯ ಫ್ರೆಟ್‌ನ ಮೇಲೆ ಎಷ್ಟು ಎತ್ತರದಲ್ಲಿದೆ ನೋಡಿ. ಕಾಗದದ ಹಾಳೆಯಷ್ಟು ಸಂದು ಇದ್ದರೆ ಸರಿ. ವಿಸಿಟಿಂಗ್ ಕಾರ್ಡು ಸಲೀಸಾಗಿ ಹೋಗಿ ಬರುವಷ್ಟು ಇದ್ದರೆ ನಟ್‌ನ ಕೊರಕಲನ್ನು ಕಾರ್ಖಾನೆಯಲ್ಲಿ ಸಾಕಷ್ಟು ಆಳ ಮಾಡಿಲ್ಲ. ಆರೂ ತಂತಿಗಳಿಗೆ ಹೀಗೆ ನೋಡಿ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎತ್ತರದ ನಟ್ ಇರುವ ಗಿಟಾರಿನಲ್ಲಿ ಕಲಿಯುವ ಮಗು ತಪ್ಪು ಗಿಟಾರಿನದು ಎಂದು ಯೋಚಿಸುವುದೇ ಇಲ್ಲ. ತನ್ನ ಕೈ ಚಿಕ್ಕದು, ತನಗೆ ಸಂಗೀತ ಬರುವುದಿಲ್ಲ ಎಂದುಕೊಂಡು ಕಲಿಯುವುದನ್ನೇ ನಿಲ್ಲಿಸುತ್ತದೆ. ಅಪ್ಪ ಅಮ್ಮಂದಿರೂ ‘ಅವಳಿಗೆ ಆಸಕ್ತಿ ಇಲ್ಲ ಬಿಡಿ’ ಎನ್ನುತ್ತಾರೆ. ಗಿಟಾರ್ ಬೀರುವಿನ ಮೇಲೆ ಸೇರುತ್ತದೆ. ಡೀಲರ್ ಮಾರಾಟಕ್ಕೆ ಮುಂಚೆ ಒಂದು ಅರ ಹಿಡಿದು ಹತ್ತು ನಿಮಿಷ ಕೆಲಸ ಮಾಡಿದ್ದರೆ ಇಷ್ಟೂ ತಪ್ಪುತ್ತಿತ್ತು. ಆ ಕೆಲಸವನ್ನು ಡೀಲರ್ ತಮ್ಮ ಖರ್ಚಿನಲ್ಲಿ ಮಾಡಿಕೊಡಬೇಕೆಂದು ಕೇಳುವುದರಲ್ಲಿ ಸಂಕೋಚಪಡಬೇಡಿ.

ಯೂಟ್ಯೂಬ್ ನೋಡಿ ನಾನೇ ಟ್ರಸ್ ರಾಡ್ ತಿರುಗಿಸಲೇ?

ಡೀಲರ್ ಜೊತೆ ಮಾತು ಇತ್ಯರ್ಥವಾಗುವವರೆಗೆ ಬೇಡ. ನೀವು ಒಂದು ಸುತ್ತು ತಿರುಗಿಸಿದರೆ, ಅದುವರೆಗಿನ ದೋಷವೆಲ್ಲ ನಿಮ್ಮ ಕೈಯಿಂದಾದದ್ದು ಎಂದು ಹೇಳಲು ದಾರಿಯಾಗುತ್ತದೆ. ತಂತಿ ಬದಲಿಸುವುದು, ಸ್ಟಿಕರ್ ಅಂಟಿಸುವುದು, ಹೆಗಲಿಗೆ ಹಾಕುವ ಪಟ್ಟಿ ಸಿಕ್ಕಿಸಲು ಗುಬುಟು ಕೂರಿಸುವುದು, ಇವೂ ಬೇಡ.

‘ನಿಮ್ಮೂರಿನ ಹವೆಗೆ ಹೀಗಾಗಿದೆ’ ಎನ್ನುತ್ತಾರೆ. ಮೈಸೂರಿನ ಹವೆ ಗಿಟಾರಿಗೆ ಅಷ್ಟು ಕೆಟ್ಟದ್ದೇ?

ಮರ ಒಣಗಿದರೆ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ತೇವ ಹೀರಿದರೆ ಹಿಗ್ಗುತ್ತದೆ. ಲೋಹದ ಫ್ರೆಟ್ ಹಾಗೆ ಕುಗ್ಗುವುದಿಲ್ಲ, ಆದ್ದರಿಂದಲೇ ಒಣಹವೆಯಲ್ಲಿ ಅದರ ತುದಿಗಳು ಹೊರಚಾಚುತ್ತವೆ. ಗಿಟಾರಿಗೆ 45ರಿಂದ 55 ಶೇಕಡಾ ಸಾಪೇಕ್ಷ ಆರ್ದ್ರತೆ ಹಿತ ಎನ್ನುವುದು ತಯಾರಕರು ಸಾಮಾನ್ಯವಾಗಿ ಹೇಳುವ ಮಾತು. ನಮ್ಮಲ್ಲಿ ಫೆಬ್ರವರಿ, ಮಾರ್ಚ್ ಮಧ್ಯಾಹ್ನಗಳು ಒಣ, ಮಳೆಗಾಲ ತೇವ. ಹೀಗಾಗಿ ವರ್ಷದಲ್ಲಿ ಒಮ್ಮೆಯೋ ಎರಡು ಸಲವೋ ಸಣ್ಣ ಹೊಂದಾಣಿಕೆ ಬೇಕಾಗುವುದು ನಿಜ.

ಆದರೆ ಇದೆಲ್ಲ ವಾರಗಳಲ್ಲಿ, ತಿಂಗಳುಗಳಲ್ಲಿ ಆಗುವ ಬದಲಾವಣೆ. ಬೆಳಿಗ್ಗೆ ತೆರೆದ ಪೆಟ್ಟಿಗೆಯಲ್ಲೇ ಫ್ರೆಟ್ ಚುಚ್ಚುತ್ತಿದ್ದರೆ ಅದು ಡೀಲರ್ ಗೋದಾಮಿನಲ್ಲೋ ಅದಕ್ಕೂ ಹಿಂದೆಯೋ ಒಣಗಿದ ಗಿಟಾರ್. ಹೀಗೆ ಕೇಳಿ: ‘ಸರ್, ಗಿಟಾರ್ ನಮ್ಮ ಮನೆಗೆ ಬಂದು ಅರ್ಧ ದಿನವಾಗಿಲ್ಲ. ಅಷ್ಟರಲ್ಲಿ ನಮ್ಮೂರಿನ ಹವೆ ಏನು ಮಾಡೀತು?’ ಈ ಪ್ರಶ್ನೆ ಕೇಳಲು ಸಾಧ್ಯವಾಗುವುದು ನೀವು ಬಂದ ದಿನವೇ ಬರೆದಿದ್ದರೆ ಮಾತ್ರ.

ನಿಮ್ಮ ಪಾಲಿನ ಎಚ್ಚರಿಕೆಯೂ ಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಗಿಟಾರ್ ಇಡಬೇಡಿ. ಆ ಶಾಖಕ್ಕೆ ಅಂಟು ಮೆತ್ತಗಾಗಿ ಬ್ರಿಜ್ ಏಳುವುದುಂಟು.

ಡೀಲರ್‌ಗೆ ಮೊದಲು ಫೋನ್ ಮಾಡಲೇ, ಬರೆಯಲೇ?

ಎರಡೂ. ಆದರೆ ಫೋನಿನಲ್ಲಿ ಆಡಿದ ಪ್ರತಿ ಮಾತೂ ಅದೇ ದಿನ ಬರವಣಿಗೆಗೆ ಇಳಿಯಬೇಕು. ‘ಈಗಷ್ಟೇ ಮಾತಾಡಿದೆವು, ಸೋಮವಾರದೊಳಗೆ ಗಿಟಾರ್ ತರಿಸಿಕೊಳ್ಳುವುದಾಗಿ ಹೇಳಿದಿರಿ’ ಎಂದು ಒಂದು ಸಾಲು ಕಳುಹಿಸಿದರೂ ಸಾಕು.

ಹೆಚ್ಚಿನ ಡೀಲರ್‌ಗಳು ಕೆಟ್ಟವರಲ್ಲ. ಸೀಲ್ ಒಡೆಯದ ಪೆಟ್ಟಿಗೆಯನ್ನು ಹಾಗೆಯೇ ರವಾನಿಸಿರುತ್ತಾರೆ, ಒಳಗಿನ ಸ್ಥಿತಿ ಅವರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಮೊದಲ ಪತ್ರದಲ್ಲಿ ಬೈಗುಳ, ಬೆದರಿಕೆ ಬೇಡ. ವಿವರ ಬೇಕು, ಬೇಡಿಕೆ ಬೇಕು, ಗಡುವು ಬೇಕು. ನಾನು ಬರೆಸುವ ಪತ್ರ ಹೀಗಿರುತ್ತದೆ:

ಮಾನ್ಯರೇ,
ದಿನಾಂಕ ……ರ ಬಿಲ್ ಸಂಖ್ಯೆ ……ರ ಪ್ರಕಾರ ನಿಮ್ಮಿಂದ ಖರೀದಿಸಿದ ……… ಮಾದರಿಯ ಗಿಟಾರ್, ಸೀರಿಯಲ್ ನಂಬರ್ ……, ಇಂದು ಬೆಳಿಗ್ಗೆ ಮಂಡ್ಯದ ನಮ್ಮ ಮನೆಗೆ ತಲುಪಿದೆ. ತೆರೆದು ನೋಡಿದಾಗ ಬ್ರಿಜ್‌ನ ಹಿಂಬದಿ ಅಂಚು ಮೇಲ್ಹಲಗೆಯಿಂದ ಬಿಟ್ಟುಕೊಂಡಿರುವುದು ಕಂಡುಬಂದಿದೆ, ಕಾರ್ಡಿನ ಮೂಲೆ ಒಳಗೆ ಹೋಗುತ್ತದೆ. 12ನೆಯ ಫ್ರೆಟ್‌ನಲ್ಲಿ ಆರನೆಯ (ಅತಿ ದಪ್ಪ) ತಂತಿಯ ಎತ್ತರ …… ಮಿಲಿಮೀಟರ್ ಇದೆ. ಪೆಟ್ಟಿಗೆ ತೆರೆದ ವಿಡಿಯೊ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ. ಈ ಸ್ಥಿತಿಯಲ್ಲಿ ಗಿಟಾರನ್ನು ನಾನು ಸ್ವೀಕರಿಸುವುದಿಲ್ಲ. ದಯವಿಟ್ಟು ನಿಮ್ಮ ಖರ್ಚಿನಲ್ಲಿ ಇದನ್ನು ಹಿಂದಕ್ಕೆ ತರಿಸಿಕೊಂಡು, ಪರೀಕ್ಷಿಸಿ ಸೆಟಪ್ ಮಾಡಿದ ಬೇರೆ ಗಿಟಾರ್ ಕಳುಹಿಸಿ, ಇಲ್ಲವೇ ಪೂರ್ಣ ಹಣ ಹಿಂದಿರುಗಿಸಿ. ಏಳು ದಿನಗಳೊಳಗೆ ಬರವಣಿಗೆಯಲ್ಲಿ ಉತ್ತರಿಸಬೇಕೆಂದು ಕೋರುತ್ತೇನೆ.
ಇಂತಿ, ………

‘ಸ್ವೀಕರಿಸುವುದಿಲ್ಲ’ ಎಂಬ ಪದ ಪತ್ರದಲ್ಲಿ ಇರಲೇಬೇಕು. 1930ರ ಸರಕು ಮಾರಾಟ ಕಾಯ್ದೆಯ 41ನೆಯ ಕಲಮಿನ ಪ್ರಕಾರ, ಮೊದಲು ನೋಡದೆ ಕೊಂಡ ಸರಕನ್ನು ಪರೀಕ್ಷಿಸಲು ಸಮಂಜಸ ಅವಕಾಶ ಸಿಗುವವರೆಗೆ ಖರೀದಿದಾರ ಅದನ್ನು ಸ್ವೀಕರಿಸಿದಂತಾಗುವುದಿಲ್ಲ. ಆದರೆ 42ನೆಯ ಕಲಮು, ಸಮಂಜಸ ಅವಧಿ ಕಳೆದರೂ ನಿರಾಕರಣೆ ತಿಳಿಸದೆ ಇಟ್ಟುಕೊಂಡರೆ ಸ್ವೀಕರಿಸಿದಂತೆಯೇ ಎನ್ನುತ್ತದೆ. ಸುಮ್ಮನಿದ್ದಷ್ಟೂ ನಷ್ಟ ನಿಮ್ಮದು.

‘ಕೊರಿಯರ್‌ನವರನ್ನು ಕೇಳಿ’, ‘ಕಂಪನಿಗೆ ಬರೆಯಿರಿ’ ಎಂದು ಡೀಲರ್ ಜಾರಿಕೊಳ್ಳುತ್ತಿದ್ದಾರೆ.

ನೀವು ಹಣ ಕೊಟ್ಟದ್ದು ಡೀಲರ್‌ಗೆ, ಬಿಲ್ಲು ಕೊಟ್ಟದ್ದು ಡೀಲರ್. ಅವರು ಗೊತ್ತುಮಾಡಿದ ಕೊರಿಯರ್‌ನಿಂದ ನಷ್ಟವಾಗಿದ್ದರೆ ಅದನ್ನು ವಸೂಲಿ ಮಾಡಿಕೊಳ್ಳುವುದು ಅವರ ಕೆಲಸ. ಕಂಪನಿಯ ವಾರಂಟಿ ನಿಮಗೆ ಹೆಚ್ಚುವರಿ ರಕ್ಷಣೆ, ಡೀಲರ್‌ನ ಹೊಣೆಗೆ ಬದಲಿ ಅಲ್ಲ. ಕಂಪನಿಗೂ ಇಮೇಲಿನ ಪ್ರತಿ ಕಳುಹಿಸಿ, ತಪ್ಪಿಲ್ಲ. ಅಧಿಕೃತ ಡೀಲರ್ ಆಗಿದ್ದರೆ ಅಷ್ಟರಿಂದಲೇ ಕೆಲಸ ಚುರುಕಾಗುವುದುಂಟು. ನೀವೇ ಸಾಗಣೆ ಏರ್ಪಾಡು ಮಾಡಿ ಪಾರ್ಸೆಲ್ ತರಿಸಿದ್ದರೆ ಮಾತ್ರ ಲೆಕ್ಕ ಬೇರೆ, ಆಗ ಸಾಗಣೆಯಲ್ಲಾದ ಹಾನಿಗೆ ಡೀಲರ್‌ನನ್ನು ಹೊಣೆ ಮಾಡುವುದು ಕಷ್ಟ.

ಬಿಲ್ಲಿನ ಕೆಳಗೆ ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು ಮುದ್ರಿಸಿದ್ದಾರೆ. ಅಲ್ಲಿಗೆ ಮುಗಿಯಿತೇ?

ಇಲ್ಲ. ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಎಂದು ಹಿಂದಿರುಗಿಸಲು ಹೊರಟವರನ್ನು ಆ ಸಾಲು ತಡೆಯಬಹುದು. ದೋಷವಿರುವ ಸರಕಿನ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೆಯ ಕಲಮು ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅದರಲ್ಲಿ ಒಂದು. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆನ್‌ಲೈನ್ ಖರೀದಿಯಾದರೆ 2020ರ ಇ-ವಾಣಿಜ್ಯ ನಿಯಮಗಳು ಇನ್ನೂ ಸ್ಪಷ್ಟ: ದೋಷವಿರುವ ಅಥವಾ ಜಾಹೀರಾತಿನಂತೆ ಇಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಅಲ್ಲಿನ ದೂರು ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿದ್ದನ್ನು ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಡೀಲರ್ ‘ಸಾವಿರ ರೂಪಾಯಿ ಬಿಟ್ಟುಕೊಡುತ್ತೇವೆ, ಇಟ್ಟುಕೊಳ್ಳಿ ಮೇಡಂ’ ಎನ್ನುತ್ತಾರೆ. ಒಪ್ಪಲೇ?

ಗೀರು, ಕಲೆಗಳಿಗಾದರೆ ಯೋಚಿಸಬಹುದು. ಅಷ್ಟಕ್ಕೆ ಹೊಸ ಗಿಟಾರಿಗಾಗಿ ಇನ್ನೊಂದು ತಿಂಗಳು ಕಾಯುವುದಕ್ಕಿಂತ ರಿಯಾಯಿತಿ ಪಡೆದು ನುಡಿಸುವುದೇ ಮೇಲು. ಬಿರುಕು, ಬ್ರಿಜ್, ಕುತ್ತಿಗೆಗಳಿಗಾದರೆ ಬೇಡವೇ ಬೇಡ. ಇಂದು ಸಾವಿರ ಉಳಿದರೂ, ಆ ಗಿಟಾರ್ ಮುಂದೆ ರಿಪೇರಿಗೆ ಎಷ್ಟು ಕೇಳುತ್ತದೆಂದು ಯಾರೂ ಹೇಳಲಾರರು, ಮಾರಲು ಹೋದರೆ ಕೊಳ್ಳುವವರೂ ಸಿಗುವುದಿಲ್ಲ.

‘ಈ ರೇಟಿಗೆ ಇದೇ ಬರುವುದು’ ಎಂಬ ಮಾತೂ ಬರುತ್ತದೆ. ಕಡಿಮೆ ಬೆಲೆಗೆ ಪದರ ಹಲಗೆ, ಸಾಧಾರಣ ಬಿರಡೆ, ಮಂಕು ದನಿ ಬರಬಹುದು, ಅದು ನ್ಯಾಯ. ಬಿರುಕು ಯಾವ ಬೆಲೆಗೂ ಹೊಂದುವುದಿಲ್ಲ. ಆರು ಸಾವಿರದ ಗಿಟಾರ್ ಕೊಂಡ ಮನೆಗೆ ಆ ಆರು ಸಾವಿರವೇ ದೊಡ್ಡ ಮೊತ್ತವಾಗಿರುತ್ತದೆ ಎಂಬುದನ್ನು ಡೀಲರ್‌ಗಳು ಮರೆಯಬಾರದು.

ರಿಪೇರಿ ಮಾಡಿಕೊಡುತ್ತೇವೆ ಎಂದರೆ? ಸೆಟಪ್ ವಿಷಯಗಳಿಗೆ ಒಪ್ಪಿ, ಹೋಗಿಬರುವ ಸಾಗಣೆ ಅವರದ್ದೇ ಎಂದು ಬರೆಸಿಕೊಳ್ಳಿ. ತಲೆ ಒಡೆದು ಅಂಟಿಸಿದ ಗಿಟಾರ್ ಚೆನ್ನಾಗಿಯೇ ನುಡಿಯಬಹುದು, ಆದರೆ ಅದು ಹೊಸ ಗಿಟಾರ್ ಅಲ್ಲ. ನೀವು ಹೊಸದರ ಬೆಲೆ ಕೊಟ್ಟಿದ್ದೀರಿ.

ಬಂದ ಗಿಟಾರ್ ಹೊಸದೇ ಅಲ್ಲ ಎಂಬ ಅನುಮಾನ. ಹೇಗೆ ತಿಳಿಯುವುದು?

ಮೊದಲ ಮೂರು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ನೋಡಿ. ಲೋಹದಲ್ಲಿ ಸಣ್ಣ ತಗ್ಗುಗಳಿದ್ದರೆ ಯಾರೋ ಬಹಳ ಕಾಲ ನುಡಿಸಿದ್ದಾರೆ. ಪಿಕ್‌ಗಾರ್ಡ್ (ಮೇಲ್ಹಲಗೆಗೆ ಗೀರು ಬೀಳದಂತೆ ಕೂರಿಸಿದ ತೆಳು ಹಾಳೆ) ಮೇಲೆ ಕಮಾನಿನಂಥ ಗೀರುಗಳು, ತಿರುಪುಗಳ ತಲೆ ತಿಂದಿರುವುದು, ಕಪ್ಪಾದ ತಂತಿ, ಕಾಣದ ರಕ್ಷಣಾ ಪ್ಲಾಸ್ಟಿಕ್ ಹಾಳೆ, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರಿಗೂ ಗಿಟಾರಿನದಕ್ಕೂ ಹೊಂದದಿರುವುದು, ಇವೂ ಸುಳಿವುಗಳು. ಅಂಗಡಿಯಲ್ಲಿ ನೇತುಹಾಕಿದ್ದ ಗಿಟಾರನ್ನು ಹಾಗೆಂದು ಹೇಳಿ ಕಡಿಮೆ ಬೆಲೆಗೆ ಮಾರುವುದು ತಪ್ಪಲ್ಲ. ಹೊಸದೆಂದು ಹೇಳಿ ಮಾರುವುದು ಮೋಸ.

ಹಿಂದಿರುಗಿಸುವಾಗ ಹೇಗೆ ಕಟ್ಟಬೇಕು? ಸಾಗಣೆ ಖರ್ಚು ಯಾರದು?

ಖರ್ಚು ಡೀಲರ್‌ದು ಎಂದೇ ಕೇಳಿ. ಸರಕು ಮಾರಾಟ ಕಾಯ್ದೆಯ 43ನೆಯ ಕಲಮು, ಬೇರೆ ಒಪ್ಪಂದವಿಲ್ಲದಿದ್ದರೆ, ನಿರಾಕರಿಸಿದ ಸರಕನ್ನು ಖರೀದಿದಾರನೇ ಹಿಂದಕ್ಕೆ ತಲುಪಿಸಬೇಕಿಲ್ಲ, ನಿರಾಕರಿಸಿದ್ದನ್ನು ತಿಳಿಸಿದರೆ ಸಾಕು ಎನ್ನುತ್ತದೆ.

ಕಟ್ಟುವಾಗ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ತಲೆಯ ಕೆಳಗೂ ಕುತ್ತಿಗೆಯ ಕೆಳಗೂ ಗಟ್ಟಿಯಾದ ಆಧಾರ ಕೊಡಿ, ತಲೆ ಗಾಳಿಯಲ್ಲಿ ನಿಂತಿರಬಾರದು. ಅಲ್ಲಾಡಿಸಿದರೆ ಒಳಗೆ ಏನೂ ಸರಿದಾಡಬಾರದು. ಕಟ್ಟುವುದನ್ನೂ ವಿಡಿಯೊ ಮಾಡಿ, ಕೊಟ್ಟ ರಸೀದಿ ಇಟ್ಟುಕೊಳ್ಳಿ.

ಕಂತಿನಲ್ಲಿ ಕೊಂಡಿದ್ದೇನೆ. ಗಿಟಾರ್ ವಾಪಸು ಕೊಟ್ಟರೆ ಕಂತು ನಿಲ್ಲುತ್ತದೆಯೇ?

ತಾನಾಗಿ ನಿಲ್ಲುವುದಿಲ್ಲ. ಸಾಲ ಕೊಟ್ಟದ್ದು ಬ್ಯಾಂಕು ಅಥವಾ ಹಣಕಾಸು ಸಂಸ್ಥೆ. ಡೀಲರ್ ಅವರಿಗೆ ಹಣ ಹಿಂದಿರುಗಿಸಿ ಸಾಲ ರದ್ದು ಮಾಡಿಸುವವರೆಗೆ ಕಂತು ಕಟ್ಟುತ್ತಿರಿ, ಇಲ್ಲದಿದ್ದರೆ ನಿಮ್ಮ ಸಾಲದ ದಾಖಲೆ ಕೆಡುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಒಟ್ಟಿಗೆ ಪಾವತಿಸಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ಆ ಪಾವತಿಯ ಬಗ್ಗೆ ತಕರಾರು ಸಲ್ಲಿಸಬಹುದು. ಅದಕ್ಕೆ ಅವಧಿಯ ಮಿತಿ ಇರುತ್ತದೆ, ತಡಮಾಡಬೇಡಿ.

ಏಳು ದಿನ ಕಳೆದರೂ ಉತ್ತರವಿಲ್ಲ. ಮುಂದೇನು?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. 8800001915ಕ್ಕೆ ವಾಟ್ಸ್‌ಆ್ಯಪ್ ಕೂಡ ಮಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಮಾರಾಟಗಾರರಿಗೆ ತಲುಪಿಸಿ ಉತ್ತರ ಕೇಳುವವರು. ಆದರೂ ಇದನ್ನು ಬಿಡಬೇಡಿ. ಗ್ರಾಹಕರ ಒಂಟಿ ಪತ್ರಕ್ಕೆ ಉತ್ತರಿಸದ ಅಂಗಡಿ, ಸಹಾಯವಾಣಿಯಿಂದ ದೂರಿನ ಸಂಖ್ಯೆಯೊಡನೆ ಪತ್ರ ಬಂದಾಗ ಮಾತಿಗೆ ಬರುವ ಸಾಧ್ಯತೆ ಹೆಚ್ಚು.

ಜೊತೆಗೆ ಡೀಲರ್ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. ವಕೀಲರಿಂದಲೇ ಆಗಬೇಕೆಂದಿಲ್ಲ, ನೀವೇ ಬರೆಯಬಹುದು. ಹಿಂದಿನ ಪತ್ರದ ದಿನಾಂಕ, ಅದಕ್ಕೆ ಉತ್ತರ ಬಾರದ್ದು, ಈಗ ಕೊಡುತ್ತಿರುವ 15 ದಿನಗಳ ಗಡುವು, ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವ ನಿರ್ಧಾರ, ಇಷ್ಟು ಸಾಕು.

ಡೀಲರ್ ಇರುವುದು ಬೆಂಗಳೂರಿನಲ್ಲಿ. ದೂರು ಕೊಡಲು ಅಲ್ಲಿಗೆ ಓಡಾಡಬೇಕೇ?

ಬೇಕಿಲ್ಲ. 2019ರ ಕಾಯ್ದೆ ತಂದ ದೊಡ್ಡ ಅನುಕೂಲವೇ ಇದು. 34ನೆಯ ಕಲಮಿನ ಪ್ರಕಾರ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಂಡ್ಯದವರು ಮಂಡ್ಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ಮೈಸೂರಿನವರು ಮೈಸೂರಿನ ಆಯೋಗಕ್ಕೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. 2025ರಲ್ಲಿ ಆರಂಭವಾದ ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು, ಆದರೆ ಗಿಟಾರಿನಂಥ ವಾದ್ಯಕ್ಕೆ ಅಷ್ಟು ಕಾಯುವುದು ಅಪಾಯ.

ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಹಿಡಿಯಬಹುದು ಎಂಬ ಮನಸ್ಸಿನಿಂದಲೇ ಹೋಗಿ. ಆಯೋಗ ದೋಷ ಸರಿಪಡಿಸಲು, ಸರಕು ಬದಲಿಸಲು, ಹಣ ಹಿಂದಿರುಗಿಸಲು, ಪರಿಹಾರ ಮತ್ತು ಖರ್ಚು ಕೊಡಲು ಆದೇಶಿಸಬಹುದು.

ಇಲ್ಲಿ ಬಹಳ ನೆರವಾಗುವ ಕಾಗದ ಒಂದಿದೆ: ಗಿಟಾರ್ ರಿಪೇರಿ ಮಾಡುವವರಿಂದಲೋ ಅನುಭವಿ ಶಿಕ್ಷಕರಿಂದಲೋ ಸಹಿ, ದಿನಾಂಕ ಹಾಕಿಸಿದ ಲಿಖಿತ ಅಭಿಪ್ರಾಯ. ಯಾವ ದೋಷ, ಯಾವ ಅಳತೆ, ಬಳಕೆಯಿಂದ ಆಗಿರಲು ಸಾಧ್ಯವೇ, ಸರಿಪಡಿಸಲು ಅಂದಾಜು ಖರ್ಚೆಷ್ಟು ಎಂಬುದು ಅದರಲ್ಲಿರಲಿ. ಆಯೋಗದ ಸದಸ್ಯರಿಗೆ ಗಿಟಾರ್ ತಿಳಿದಿರಬೇಕಿಲ್ಲ, ತಿಳಿದವರ ಬರಹ ಅವರ ಮುಂದಿರಬೇಕು.

ಅಲ್ಲಿಯವರೆಗೆ ಮಗ ಆ ಗಿಟಾರನ್ನೇ ನುಡಿಸಬಹುದೇ?

ನಿರಾಕರಿಸಿದ್ದೇನೆ ಎಂದು ಬರೆದ ಮೇಲೆ ದಿನವೂ ನುಡಿಸುತ್ತಿದ್ದರೆ ನಿಮ್ಮ ಮಾತಿಗೆ ತೂಕ ಇರುವುದಿಲ್ಲ. ತಂತಿ ಸಡಿಲಿಸಿ ಪೆಟ್ಟಿಗೆಯಲ್ಲಿಡಿ. ಅಭ್ಯಾಸ ನಿಲ್ಲಬಾರದು, ಶಿಕ್ಷಕರ ಬಳಿ ಇರುವ ಹೆಚ್ಚುವರಿ ಗಿಟಾರ್ ಕೇಳಿ. ಇಂಥ ಕಾರಣಕ್ಕೆ ಕೇಳಿದರೆ ಇಲ್ಲ ಎನ್ನುವ ಶಿಕ್ಷಕರು ಕಡಿಮೆ.

ಮುಂದಿನ ಸಲ ಕೊಳ್ಳುವ ಮೊದಲು ಡೀಲರ್‌ಗೆ ಏನು ಕೇಳಬೇಕು?

ಕಳುಹಿಸುವ ಮುಂಚೆ ಪೆಟ್ಟಿಗೆ ತೆರೆದು ಪರೀಕ್ಷಿಸುತ್ತೀರಾ? ಸೆಟಪ್ ಬೆಲೆಯಲ್ಲಿ ಸೇರಿದೆಯೇ? ನನಗೆ ಬರುವ ಅದೇ ಗಿಟಾರಿನ ಫೋಟೊ, ಸೀರಿಯಲ್ ನಂಬರ್, 12ನೆಯ ಫ್ರೆಟ್‌ನ ಅಳತೆ ಕಳುಹಿಸುತ್ತೀರಾ? ಕೆಟ್ಟು ಬಂದರೆ ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ವಾಪಸು? ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಬರಲಿ. ಈ ಪ್ರಶ್ನೆಗಳಿಗೆ ಸಿಡುಕುವ ಅಂಗಡಿಯಲ್ಲಿ ಕೊಳ್ಳಬೇಡಿ, ಮಾರುವ ಮೊದಲೇ ಸಿಡುಕುವವರು ಮಾರಿದ ಮೇಲೆ ಫೋನ್ ಎತ್ತುವುದಿಲ್ಲ. ಸಾಧ್ಯವಾದರೆ ನುಡಿಸಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಅಂಗಡಿಗೇ ಹೋಗಿ. ಮಂಡ್ಯದಿಂದ ಮೈಸೂರು ಒಂದು ಗಂಟೆಯ ದಾರಿ, ಬೆಲೆ ಐದುನೂರು ಹೆಚ್ಚಾದರೂ ಕೈಯಲ್ಲಿ ಹಿಡಿದು ಆರಿಸಿದ ಗಿಟಾರ್ ಸಿಗುತ್ತದೆ.

ಗಿಟಾರ್ ಸರಿಯಾಗಿಯೇ ಬಂದಿದೆ. ಪೆಟ್ಟಿಗೆ, ಬಿಲ್ಲು ಎಷ್ಟು ಕಾಲ ಇಡಬೇಕು?

ಬಿಲ್ಲು ಮತ್ತು ವಾರಂಟಿ ಕಾರ್ಡು ಗಿಟಾರ್ ಇರುವಷ್ಟು ಕಾಲ. ಬಿಲ್ಲಿನ ಶಾಯಿ ಮಾಸುತ್ತದೆ, ಇಂದೇ ಫೋಟೊ ತೆಗೆದಿಡಿ. ಪೆಟ್ಟಿಗೆಯನ್ನು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವವರೆಗೆ ಮಡಚಿ ಅಟ್ಟದ ಮೇಲಿಡಿ. ನಿಧಾನವಾಗಿ ಕಾಣಿಸಿಕೊಳ್ಳುವ ದೋಷಗಳು, ಉದಾಹರಣೆಗೆ ಬ್ರಿಜ್ ಏಳುವುದು, ಮೇಲ್ಹಲಗೆ ಉಬ್ಬುವುದು, ಅಷ್ಟರಲ್ಲಿ ಹೊರಬೀಳುತ್ತವೆ, ವಾರಂಟಿಯೂ ಅಲ್ಲಿಯವರೆಗೆ ಇದ್ದರೆ ಕಳುಹಿಸಲು ಅದೇ ಪೆಟ್ಟಿಗೆ ಬೇಕಾಗುತ್ತದೆ.